ಘಾಟಿ ಇಳಿಯಲು ಬ್ರೇಕ್ ಸಾಲದು, ಗೇರ್ ಬೇಕು

ಮಾನ್ಯರೇ,

ಶನಿವಾರ, ಭಾನುವಾರ ಬಂತೆಂದರೆ ಮಡಿಕೇರಿ–ಸಂಪಾಜೆ ರಸ್ತೆಯ ತಿರುವುಗಳಲ್ಲಿ ಸುಟ್ಟ ಬ್ರೇಕಿನ ವಾಸನೆ ಮೂಗಿಗೆ ಬಡಿಯುತ್ತದೆ. ಹೊಗೆಯಾಡುವ ಚಕ್ರಕ್ಕೆ ಬಾಟಲಿ ನೀರು ಸುರಿಯುವ ಪ್ರವಾಸಿಗರನ್ನು ನೋಡಿ, ಇವರಿಗೆ ಘಾಟಿ ಓಡಿಸಲು ಬಾರದು ಎಂದು ನಾವು ಮುಂದೆ ಹೋಗುತ್ತೇವೆ. ಓಡಿಸುವವರ ತಪ್ಪು ಇದೆ, ನಿಜ. ಆದರೆ ಕೆಳ ಗೇರನ್ನು ಕಣ್ಣಿಗೂ ಕೈಗೂ ಸಿಗದಂತೆ ಅಡಗಿಸಿಟ್ಟ ಕಾರು ತಯಾರಕರ ತಪ್ಪು ಅದಕ್ಕಿಂತ ಕಡಿಮೆಯದೇನಲ್ಲ.

ಮಡಿಕೇರಿಯಿಂದ ಸಂಪಾಜೆ ತಲುಪುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಕೆಳಗಿಳಿದಿರುತ್ತೇವೆ. ಜನ, ಸಾಮಾನು ಸೇರಿ 1,400 ಕಿಲೊ ತೂಗುವ ಕಾರು ಅಷ್ಟು ಇಳಿದಾಗ ಹೊರಬರುವ ಶಕ್ತಿ, ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ 25 ಸಲ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಸಮ. ಅದರಲ್ಲಿ ಒಂದು ಪಾಲನ್ನು ಟೈರು ಮತ್ತು ಗಾಳಿ ತಿನ್ನುತ್ತವೆ. ಉಳಿದದ್ದನ್ನು ಕೆಳ ಗೇರಿನ ಮೂಲಕ ಎಂಜಿನ್ ತಡೆಯಬೇಕು. ಇಲ್ಲದಿದ್ದರೆ ಎಲ್ಲವೂ ಬ್ರೇಕಿನ ಮೇಲೆ, ಅದರಲ್ಲೂ ಹೆಚ್ಚಾಗಿ ಮುಂದಿನ ಎರಡು ಡಿಸ್ಕ್‌ಗಳ ಮೇಲೆ ಬೀಳುತ್ತದೆ.

ಬ್ರೇಕ್ ಸೋಲುವುದರಲ್ಲಿ ಎರಡು ಬಗೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಅತಿಯಾಗಿ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಹಿಡಿತಕ್ಕೆ ಬರುವುದಿಲ್ಲ. ಎರಡನೆಯದು ಇನ್ನೂ ಅಪಾಯ: ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140ಕ್ಕೆ. ನಮ್ಮ ಮಳೆಗಾಲದ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಕಡಿಮೆಯಾದಾಗ ಮೇಲಿಂದ ತುಂಬಿಸಿದರೆ ಒಳಗಿನ ನೀರು ಹೋಗುವುದಿಲ್ಲ.

ಏರಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಹಳೆಯ ಡ್ರೈವರ್‌ಗಳ ಮಾತು. ಜೀಪಿನ ಕಾಲಕ್ಕೆ ಅದು ಸರಿಯಿತ್ತು. ಇಂದಿನ 1,000 ಸಿಸಿಯ ಮೂರು ಸಿಲಿಂಡರ್ ಟರ್ಬೊ ಕಾರು ನಾಲ್ಕನೇ ಗೇರಿನಲ್ಲೂ ಏರಿಬಿಡುತ್ತದೆ, ಆದರೆ ಇಳಿಯುವಾಗ ಟರ್ಬೊ ನೆರವಿಗೆ ಬರುವುದಿಲ್ಲ. ಆಗ ಹಿಡಿದಿಡಲು ಆ ಸಣ್ಣ ಎಂಜಿನ್ ಒಂದೇ ಇರುವುದರಿಂದ ಏರಿದ್ದಕ್ಕಿಂತ ಒಂದು ಗೇರ್ ಕೆಳಗೆ ಇಳಿಯುವುದೇ ಸರಿ: ನೇರ ಇಳಿಜಾರಿನಲ್ಲಿ ಮೂರು, ಕಡಿದಾದ ತಿರುವಿನಲ್ಲಿ ಎರಡು. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,500 ಸುತ್ತಿನಲ್ಲಿ ಕೂಗಿದರೆ ಹೆದರಬೇಕಿಲ್ಲ, ಅದಕ್ಕೇನೂ ಆಗುವುದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಟರ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಂಧನ ಹರಿಯುತ್ತಲೇ ಇರುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗವನ್ನು ಹತ್ತು ಕಿ.ಮೀ.ನಷ್ಟು ಇಳಿಸಿ, ಕಾಲನ್ನು ಪೂರ್ತಿ ತೆಗೆಯಬೇಕು. ಕಾಲು ಪೆಡಲಿನ ಮೇಲೇ ಇದ್ದರೆ ಡಿಸ್ಕ್‌ಗೆ ಆರಲು ಬಿಡುವೇ ಸಿಗದು.

ಇನ್ನು ಆಟೊಮ್ಯಾಟಿಕ್. ‘ಡಿ’ಯಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಹಲವು ಕಾರುಗಳ ಕಂಪ್ಯೂಟರ್ ಇಂಧನ ಉಳಿಸಲೆಂದು ಮೇಲಿನ ಗೇರಿಗೆ ಹೋಗುತ್ತದೆ. ಇಳಿಜಾರಿನಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಕೆಳ ಗೇರ್ ಹಿಡಿಯುವ ದಾರಿ ಹೆಚ್ಚಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಇದೆ, ಆದರೆ ಒಂದೊಂದರಲ್ಲಿ ಒಂದೊಂದು ಹೆಸರು. ಆಟೊಮ್ಯಾಟಿಕ್‌ನಲ್ಲೇ ಒಂದು ಬಗೆಯಾದ ಎಎಂಟಿಯಲ್ಲಿ ‘ಎಂ’, ಇನ್ನೊಂದು ಬಗೆಯಾದ ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’, ಟೊಯೊಟಾ ಹೈಬ್ರಿಡ್‌ನಲ್ಲಿ ‘ಬಿ’, ಮತ್ತೊಂದರಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್. ‘ಎಂ’ನಲ್ಲಿ ಲಿವರ್ ಮುಂದಕ್ಕೆ ತಳ್ಳಿದರೆ ಕೆಲವು ಕಾರುಗಳಲ್ಲಿ ಗೇರ್ ಏರುತ್ತದೆ, ಇನ್ನು ಕೆಲವುಗಳಲ್ಲಿ ಇಳಿಯುತ್ತದೆ. ಬಿಎಂಡಬ್ಲ್ಯು, ಮಾಜ್ದಾ ಕಾರುಗಳಲ್ಲಿ ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಅದೇ ಸರಿ, ಏಕೆಂದರೆ ಬ್ರೇಕ್ ಹಾಕಿದಾಗ ನಮ್ಮ ಮೈ ಮುಂದಕ್ಕೇ ವಾಲುತ್ತದೆ. ಬ್ರೇಕ್, ಆಕ್ಸಿಲರೇಟರ್ ಎಲ್ಲ ಕಾರಿನಲ್ಲೂ ಒಂದೇ ಜಾಗದಲ್ಲಿರುವಾಗ ಇದಕ್ಕೊಂದು ಏಕರೂಪ ಯಾಕಿಲ್ಲ? ಸನ್‌ರೂಫ್‌ಗೆ ತೋರುವ ಕಾಳಜಿಯಲ್ಲಿ ಕಾಲುಭಾಗ ಇಲ್ಲಿ ತೋರಿದ್ದರೆ ಸಾಕಿತ್ತು.

ಇಳಿಜಾರಿನ ಚಿತ್ರವಿರುವ ಹಿಲ್ ಡಿಸೆಂಟ್ ಗುಂಡಿಯನ್ನು ಘಾಟಿಗೆಂದೇ ಕೊಟ್ಟಿದ್ದಾರೆಂದು ಒತ್ತುವವರಿದ್ದಾರೆ. ಅದು ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕ್ ಸಾಧನ) ಮೂಲಕ ಬ್ರೇಕನ್ನೇ ಹಿಡಿಯುವ ವ್ಯವಸ್ಥೆ. ಮಾಂದಲಪಟ್ಟಿಯಂಥ ಕಲ್ಲುಮಣ್ಣಿನ ಹಾದಿಯಲ್ಲಿ ನಿಧಾನಕ್ಕೆ ಇಳಿಯಲು ಸರಿ, ಹೆದ್ದಾರಿಗಲ್ಲ.

ವಿದ್ಯುತ್ ಕಾರಿನವರು ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಶೇ 100 ತುಂಬಿಸಿ ಹೊರಡುತ್ತಾರೆ. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿಯನ್ನು ಹಾಕಲು ಜಾಗವಿರುವುದಿಲ್ಲ. ರೀಜೆನ್, ಅಂದರೆ ಮೋಟರೇ ಕಾರನ್ನು ತಡೆದು ಬ್ಯಾಟರಿ ತುಂಬುವ ಕೆಲಸ, ಕುಂದಿ ಭಾರವೆಲ್ಲ ಡಿಸ್ಕ್‌ಗೆ ಬೀಳುತ್ತದೆ. ಮಂಗಳೂರು ಕಡೆ ಇಳಿಯುವವರು ಚಾರ್ಜನ್ನು ಶೇ 85ಕ್ಕೆ ನಿಲ್ಲಿಸಿದರೆ ಒಳ್ಳೆಯದು.

ವಾಸನೆ ಬಂದೇಬಿಟ್ಟರೆ ಗೇರ್ ಇಳಿಸಿ, ಅಗಲ ಜಾಗ ನೋಡಿ ನಿಲ್ಲಿಸಬೇಕು. ಓಡುವಾಗ ಎಂಜಿನ್ ಆರಿಸಲೇಬಾರದು. ಅದು ಆರಿದ ಮೇಲೆ, ಪೆಡಲ್ ಒತ್ತಲು ಬಲ ಕೊಡುವ ಬೂಸ್ಟರ್‌ನ ನೆರವು ಎರಡು ಮೂರು ಒತ್ತಿಗೆ ಮುಗಿಯುತ್ತದೆ. ನಿಂತ ಮೇಲೆ ರಿವರ್ಸ್ ಗೇರಿನಲ್ಲೋ ‘ಪಿ’ಯಲ್ಲೋ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಪೆಡಲಿನಿಂದ ಕಾಲು ತೆಗೆದು ಅರ್ಧ ಗಂಟೆ ಬಿಡಬೇಕು. ಕಾದ ಡಿಸ್ಕ್‌ಗೆ ನೀರು ಹಾಕಿದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದಾಚೆ ಹಾಕಿ. ಹಿಂದೆ ಬರುವ ಬೈಕಿನವನಿಗೆ ಮಂಜಿನಲ್ಲಿ ಅದು ಕಾಣುವುದಿಲ್ಲ.

ಹೆದ್ದಾರಿ ಇಲಾಖೆ ತಾಳತ್ತಮನೆ ದಾಟಿದ ಕೂಡಲೇ ‘ಕೆಳ ಗೇರಿನಲ್ಲಿ ಇಳಿಯಿರಿ: ಎಂ, ಎಲ್, ಬಿ’ ಎಂದು ದೊಡ್ಡ ಅಕ್ಷರದ ಫಲಕ ಹಾಕಲಿ, ಮದೆನಾಡಿಗೆ ಮೊದಲೇ ಬ್ರೇಕ್ ತಣಿಸಲು ಒಂದು ಅಗಲ ಜಾಗ ಮಾಡಿಕೊಡಲಿ. ವಿರಾಜಪೇಟೆಯಿಂದ ಮಾಕುಟ್ಟದತ್ತ ಇಳಿಯುವ ರಸ್ತೆಗೂ ಇದು ಬೇಕು. ಶೋರೂಮಿನವರು ಕೀ ಕೊಡುವ ದಿನ ಗ್ರಾಹಕರ ಕೈಯಲ್ಲೇ ಒಮ್ಮೆ ಕೆಳ ಗೇರ್ ಹಾಕಿಸಿ ತೋರಿಸಲಿ.

– ಓದುಗ, ಮಡಿಕೇರಿ