ಎಲೆಕ್ಟ್ರಿಕ್ ಕಾರಿನ ರಿಪೇರಿ ನಮಗೂ ಕಲಿಸಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಕಾರುಗಳ ಬಗ್ಗೆ ಪತ್ರಿಕೆಯಲ್ಲಿ ಬರುವುದನ್ನೆಲ್ಲ ಬಿಡದೆ ಓದುತ್ತೇನೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್, ಚಾರ್ಜಿಂಗ್ ಕೇಂದ್ರ ಎಲ್ಲೆಲ್ಲಿದೆ, ಸಬ್ಸಿಡಿ ಎಷ್ಟು ಎಂಬುದರಲ್ಲೇ ಚರ್ಚೆ ಮುಗಿಯುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ರಿಪೇರಿ ಮಾಡುವವರು ಯಾರು ಎಂದು ಕೇಳಿದವರನ್ನು ಕಾಣೆ. ಹಾಸನದ ಬಿ.ಎಂ. ರಸ್ತೆಯ ಪಕ್ಕದಲ್ಲಿ 27 ವರ್ಷಗಳಿಂದ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿದರು. ಹಳೆಯ ಗಿರಾಕಿ; ಅವರ ಜೀಪಿನ ಗೇರ್‌ಬಾಕ್ಸನ್ನು ಮೂರು ಸಲ ಇಳಿಸಿದವನು ನಾನೇ. ಮದುವೆಗೆಂದು ಹಾಸನಕ್ಕೆ ಬಂದಿದ್ದರು. ಹೊಸ ಎಲೆಕ್ಟ್ರಿಕ್ ಕಾರು ಕಲ್ಯಾಣ ಮಂಟಪದ ಮುಂದೆ ಬಾಗಿಲನ್ನೂ ತೆರೆಯದೆ ಮುನಿಸಿಕೊಂಡು ನಿಂತಿತ್ತು. "ಬೆಳಿಗ್ಗೆ ನೋಡಿದ್ದೇನಪ್ಪ, ಚಾರ್ಜ್ ಶೇ 70 ಇತ್ತು" ಎಂದು ಗೋಳಾಡಿದರು. ಕೀಲಿ ತೂರಿಸಿ ಬಾಗಿಲು ತೆಗೆದು, ಬಾನೆಟ್ ಎತ್ತಿ ಮೀಟರ್ ಹಿಡಿದೆ. ಸತ್ತಿದ್ದುದು ದೊಡ್ಡ ಬ್ಯಾಟರಿಯಲ್ಲ, ಪೆಟ್ರೋಲ್ ಕಾರುಗಳಲ್ಲೂ ಇರುವಂಥ 12 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಜೀವ ಬಿಟ್ಟರೆ ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ರಿಲೇ ಎಂಬ ಸ್ವಿಚ್ ಕೂರುವುದಿಲ್ಲ. ಹೊಟ್ಟೆ ತುಂಬಿದ್ದರೂ ಕಾರು ಕಣ್ಣು ಬಿಡುವುದಿಲ್ಲ.

ಹೊಸ ಬ್ಯಾಟರಿ ತರಿಸಿ ಹತ್ತೇ ನಿಮಿಷದಲ್ಲಿ ಕೂರಿಸಿದೆ. ದೀಪಗಳೆಲ್ಲ ಬಂದವು. ಜೊತೆಗೆ ಒಂದು ಎಚ್ಚರಿಕೆಯ ದೀಪವೂ ಬಂತು, ಹೋಗಲೇ ಇಲ್ಲ. ಅದು ಹೋಗದೆ ಕಾರು ಒಂದು ಹೆಜ್ಜೆ ಮುಂದಿಡದು. ಸಾಲ ಮಾಡಿ ತಂದ ನನ್ನ ಸ್ಕ್ಯಾನರ್ ದೋಷದ ಕೋಡನ್ನು ಓದಿತು. ಅಳಿಸಲು ಹೋದರೆ ಕಂಪನಿಯ ಪಾಸ್‌ವರ್ಡ್ ಕೇಳಿತು. ಇಂಥ ಕಾರನ್ನು ಹಗ್ಗ ಕಟ್ಟಿ ಎಳೆಯುವಂತೆಯೂ ಇಲ್ಲ, ಚಕ್ರ ಉರುಳಿದರೆ ಮೋಟಾರೂ ತಿರುಗಿ ಕೆಡಬಹುದು. ಲಾರಿಯ ಮೇಲೆ ಹೇರಿ ಮೈಸೂರಿನ ಕಂಪನಿ ಸರ್ವಿಸ್ ಸೆಂಟರಿಗೆ ಕಳುಹಿಸಿದೆವು. ಅಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಕೋಡ್ ಅಳಿಸಿದರಂತೆ, ಅಷ್ಟೇ. ಲಾರಿ ಬಾಡಿಗೆ ಬ್ಯಾಟರಿಯ ಬೆಲೆಯ ಎರಡರಷ್ಟಾಗಿತ್ತು. ಮದುವೆಯ ಊಟವೂ ತಪ್ಪಿತು ಎಂದು ಅವರು ಈಗಲೂ ನನ್ನನ್ನೇ ಬೈಯುತ್ತಾರೆ.

ನಾನು ಎಲೆಕ್ಟ್ರಿಕ್ ವಾಹನದ ವಿರೋಧಿಯಲ್ಲ. ನನ್ನ ಮಗಳು ಓಡಿಸುವುದೂ ಎಲೆಕ್ಟ್ರಿಕ್ ಸ್ಕೂಟರೇ. ಹೊಸತೆಂದರೆ ಹೆದರುವವನೂ ಅಲ್ಲ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಕಾರ್ಬುರೇಟರಿನ ಜೆಟ್ಟನ್ನು ಬಾಯಲ್ಲಿ ಊದಿ, ಪೆಟ್ರೋಲ್ ಉಗುಳುತ್ತ ಕೆಲಸ ಕಲಿತವನು. ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದಾಗ "ಇನ್ನು ನಿಮ್ಮ ಅಂಗಡಿ ಮುಚ್ಚಿತು" ಎಂದರು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಎಸ್-6 ನಿಯಮ ಬಂದಾಗಲೂ ಅದನ್ನೇ ಅಂದರು. ಎರಡು ಸಲವೂ ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತೆವು.

ಈ ಸಲ ಬಿಚ್ಚಿ ಕಲಿಯುವ ಹಾಗಿಲ್ಲ. ಅಂದು ಕಲ್ಯಾಣ ಮಂಟಪದ ಮುಂದೆ, ನನ್ನ ಜೊತೆ ಬಂದಿದ್ದ 19ರ ಹುಡುಗ "ಇದೇನಣ್ಣ ಇಷ್ಟು ದಪ್ಪ ವೈರು" ಎನ್ನುತ್ತ ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ಕೇಬಲ್ಲಿಗೆ ಕೈ ಹಾಕಲು ಹೋದ. ಕೈಯಲ್ಲಿ ಸ್ಪ್ಯಾನರ್ ಬೇರೆ ಇತ್ತು. ಮೊಣಕೈಗೆ ಹೊಡೆದು ಈಚೆಗೆ ಎಳೆದೆ. ಕಿತ್ತಳೆ ಬಣ್ಣವೆಂದರೆ ಮುನ್ನೂರು, ನಾನ್ನೂರು ವೋಲ್ಟ್ ಹರಿಯುವ ದಾರಿ. ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ, ಕರೆಂಟ್ ಹಿಡಿದಿಡುವ ಕೆಪಾಸಿಟರುಗಳು ಖಾಲಿಯಾಗಲು ಕೆಲವು ನಿಮಿಷ ಕಾಯಬೇಕು, ಆಮೇಲೂ ಮೀಟರ್ ಇಟ್ಟು ನೋಡದೆ ಮುಟ್ಟಬಾರದು. 1,000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಇಷ್ಟನ್ನೂ ನಾನು ಕಲಿತದ್ದು ಮೊಬೈಲಿನಲ್ಲಿ, ಅರೆಬರೆ ತಿಳಿಯುವ ಹಿಂದಿಯ ವಿಡಿಯೊ ನೋಡಿ. ಜೀವದ ಪ್ರಶ್ನೆಯನ್ನು ಹೀಗೆ ಕಲಿಯುವುದೇ?

ಕೆಲಸ ಇಲ್ಲವೆಂದಲ್ಲ. ಎಂಜಿನ್ ಆಯಿಲ್, ಕ್ಲಚ್ ಪ್ಲೇಟ್, ಟೈಮಿಂಗ್ ಬೆಲ್ಟ್, ಇಂಜೆಕ್ಟರ್, ಸೈಲೆನ್ಸರ್ ಯಾವುದೂ ಇರುವುದಿಲ್ಲ, ನಿಜ. ನಮ್ಮ ಸಂಪಾದನೆಯ ಮುಕ್ಕಾಲು ಪಾಲು ಅವುಗಳದೇ. ಬ್ರೇಕ್ ಪ್ಯಾಡ್ ಕೂಡ ನಿಧಾನವಾಗಿ ಸವೆಯುತ್ತದೆ, ಕಾಲು ತೆಗೆದರೆ ಮೋಟಾರೇ ವೇಗ ತಗ್ಗಿಸುತ್ತದಲ್ಲ. ಆದರೆ ಬ್ಯಾಟರಿಯ ಭಾರಕ್ಕೆ ಟೈರು ಬೇಗ ತಿಂದುಹೋಗುತ್ತದೆ. ನಮ್ಮ ರಸ್ತೆಗಳಿಗೆ ಸಸ್ಪೆನ್ಷನ್ ಬುಷ್ ಬಾಳುವುದು ಅಷ್ಟರಲ್ಲೇ ಇದೆ. ಕೂಲಂಟ್, ಎ.ಸಿ., ವೈರಿಂಗ್ ಇದ್ದೇ ಇವೆ. ಮುಂದೆ ವಾರಂಟಿ ಮುಗಿದ ಹಳೆಯ ಕಾರುಗಳನ್ನು ಕೊಂಡವರು ನಮ್ಮಂಥವರ ಬಳಿಗೇ ಬರಬೇಕು.

ಸರ್ಕಾರಕ್ಕೆ ಈ ವಿಷಯ ಹೊಸದಲ್ಲ. ರೇವಾ ಎಂಬ ಎಲೆಕ್ಟ್ರಿಕ್ ಕಾರು 2001ರಲ್ಲೇ ಬೆಂಗಳೂರಿನಿಂದ ರಸ್ತೆಗೆ ಬಂದಿತ್ತು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಕೊಳ್ಳುವವರಿಗೆ ಜಿಎಸ್‌ಟಿ ಶೇ 5 ಮಾತ್ರ. ಎಲ್ಲವೂ ಒಳ್ಳೆಯದೇ. ಆದರೆ ಐಟಿಐಗಳಲ್ಲಿರುವ ಎಲೆಕ್ಟ್ರಿಕ್ ವಾಹನ ಕೋರ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ದಿನವಿಡೀ ತರಗತಿಯಲ್ಲಿ ಕೂರಬೇಕು. ನನ್ನ ಗ್ಯಾರೇಜಿನ ಇಬ್ಬರು ಹುಡುಗರೂ ಹತ್ತನೆಯ ತರಗತಿಯಲ್ಲಿ ಎಡವಿದವರು, ದಿನಗೂಲಿಯ ಮೇಲೆ ಮನೆ ನಡೆಸುವವರು. ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು, ಮಾರ್ಕ್ಸ್ ಕಾರ್ಡ್ ತೋರಿಸಲಾರರು.

ಅದೇ ಐಟಿಐಗಳ ವರ್ಕ್‌ಶಾಪ್ ಭಾನುವಾರ ಬೀಗ ಹಾಕಿಕೊಂಡಿರುತ್ತದೆ. ಕೆಲಸದಲ್ಲಿರುವ ಮೆಕ್ಯಾನಿಕ್‌ಗಳಿಗೆಂದು ಅಲ್ಲಿ ಕನ್ನಡದಲ್ಲಿ ಕೆಲವು ವಾರಗಳ ತರಬೇತಿ ನಡೆಸಿ, ಪರೀಕ್ಷೆ ಮಾಡಿ, ಹೈವೋಲ್ಟೇಜ್ ಕೆಲಸಕ್ಕೆ ಯೋಗ್ಯರೆಂಬ ಪ್ರಮಾಣಪತ್ರ ಕೊಡಲಿ. ಇನ್ನು ಕಂಪನಿಗಳ ಮಾತು. ರಿಪೇರಿಯ ಮಾಹಿತಿ ಒಂದೆಡೆ ಸಿಗಲೆಂದು ಕೇಂದ್ರ ಸರ್ಕಾರ 2022ರಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ. ಆದರೆ ಪೋರ್ಟಲ್ ಇದ್ದ ಮಾತ್ರಕ್ಕೆ ನನ್ನ ಸ್ಕ್ಯಾನರ್ ಪಾಸ್‌ವರ್ಡ್ ಕೇಳುವುದನ್ನು ಬಿಡಲಿಲ್ಲ. ದೊಡ್ಡ ಬ್ಯಾಟರಿಯ ಒಳಗನ್ನು ಕಂಪನಿಯೇ ನೋಡಿಕೊಳ್ಳಲಿ, ನನಗೆ ತಕರಾರಿಲ್ಲ. 12 ವೋಲ್ಟಿನ ಬ್ಯಾಟರಿ ಬದಲಿಸಿ ಒಂದು ಕೋಡ್ ಅಳಿಸುವಷ್ಟು ಅವಕಾಶವನ್ನಾದರೂ, ಶುಲ್ಕ ಪಡೆದೇ ಆಗಲಿ, ಹೊರಗಿನ ಗ್ಯಾರೇಜಿಗೆ ಕೊಡಬೇಕೆಂದು ಕಾನೂನು ಮಾಡಲಿ.

ಭಾನುವಾರದ ತರಗತಿ ಶುರುವಾದರೆ ಹುಡುಗರಿಬ್ಬರ ಫೀಸನ್ನೂ ನಾನೇ ಕಟ್ಟುತ್ತೇನೆ. ಐವತ್ನಾಲ್ಕರ ನನಗೂ ಹಿಂದಿನ ಬೆಂಚಿನಲ್ಲಿ ಒಂದು ಜಾಗ ಇರಲಿ.

– ಗ್ಯಾರೇಜ್ ಮಾಲೀಕ, ಹಾಸನ