ನವೆಂಬರಿಗೆ ಮುಂಚೆ ಪುಟ್ಟಿಗೊಂದು ಪತ್ರ

ಶಿಡ್ಲಘಟ್ಟ
ಸೆಪ್ಟೆಂಬರ್ 22

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ನಿನ್ನ ಪತ್ರವೂ ಅದರ ಜೊತೆಗಿದ್ದ ಎರಡು ಅಧ್ಯಾಯಗಳೂ ತಲುಪಿದವು. ಎರಡೆರಡು ಸಲ ಓದಿದೆ. ಒಂದು ಕೆರೆಯ ಸುತ್ತ ಮೂರು ತಲೆಮಾರಿನ ಕಥೆ, ಮೂರು ಸಂಪುಟ. ಮೊದಲನೆಯದನ್ನು ನವೆಂಬರ್ ಒಂದೇ ತಿಂಗಳಲ್ಲಿ 50,000 ಪದಗಳಿಗೆ ಮುಟ್ಟಿಸಿ ಡಿಸೆಂಬರಿನಲ್ಲೇ ಪ್ರಕಾಶಕರಿಗೆ ಕಳುಹಿಸುವುದು, ಉಳಿದೆರಡನ್ನು ಮುಂದಿನ ವರ್ಷದೊಳಗೆ ಮುಗಿಸುವುದು ನಿನ್ನ ಸಂಕಲ್ಪವೆಂದು ತಿಳಿಯಿತು. ನಿಮ್ಮಪ್ಪ ಫೋನ್ ಮಾಡಿ "ಅವಳಿಗೆ ಸ್ವಲ್ಪ ಬುದ್ಧಿ ಹೇಳು" ಎಂದ. ಬರೆಯಬೇಡವೆನ್ನುವ ಬುದ್ಧಿಯನ್ನು ನನ್ನಿಂದ ಹೇಳಿಸಬೇಡವೆಂದು ಅವನಿಗೆ ಆಗಲೇ ತಿಳಿಸಿದ್ದೇನೆ. ಮೂರು ಸಂಪುಟದ ಆಸೆಯನ್ನು ಒಂದಕ್ಕೆ ಇಳಿಸು ಎಂದೂ ನಾನು ಹೇಳುವುದಿಲ್ಲ. ನನ್ನ ತಕರಾರಿರುವುದು ನಿನ್ನ ಲೆಕ್ಕದ ಮೇಲೆ.

1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ 21 ಮಂದಿ ತಿಂಗಳೊಳಗೊಂದು ಕಾದಂಬರಿಯೆಂಬ ಈ ಆಟವನ್ನು ಜುಲೈನಲ್ಲಿ ಆರಂಭಿಸಿ, ಮರುವರ್ಷ ಅದನ್ನು ನವೆಂಬರಿಗೆ ಬದಲಾಯಿಸಿಕೊಂಡರಂತೆ. 50,000ವನ್ನು 30 ದಿನಕ್ಕೆ ಹಂಚಿ ದಿನಕ್ಕೆ 1,667 ಪದವೆಂದು ನೀನೂ ಬರೆದುಕೊಂಡಿದ್ದೀಯೆ. ಆದರೆ ಅದು ಇಂಗ್ಲಿಷಿನ ಅಳತೆ, ಪುಟ್ಟಿ. "ಹೋಗಬೇಕಾಗಿತ್ತಲ್ಲವೇ" ಎಂಬುದು ನಮಗೆ ಒಂದೇ ಪದ. ಅಷ್ಟನ್ನೇ ಹೇಳಲು ಇಂಗ್ಲಿಷಿನವರು ನಾಲ್ಕೈದು ಪದ ಖರ್ಚು ಮಾಡುತ್ತಾರೆ. ನಮ್ಮ ವಿಭಕ್ತಿಗಳೆಲ್ಲ ಪದದ ಬಾಲಕ್ಕೇ ಅಂಟಿಕೊಂಡಿರುವುದರಿಂದ 50,000 ಕನ್ನಡ ಪದಗಳ ಹೊರೆ ಅವರ 50,000ಕ್ಕಿಂತ ಬಹಳ ಭಾರ. ಬ್ಯಾಂಕಿನ ಕೆಲಸ ಮುಗಿಸಿ ರಾತ್ರಿ ಏಳೂವರೆಗೆ ಮನೆ ಸೇರುವ ನಿನಗೆ ದಿನಕ್ಕೆ 1,000 ಪದ ಸಾಕು. ಹಾಗೆ ಬರೆದರೂ ಡಿಸೆಂಬರ್ 20ಕ್ಕೆ ನಿನ್ನ 50,000 ಮುಗಿಯುತ್ತದೆ. ತಡವಾಗುವುದು ಇಪ್ಪತ್ತೇ ದಿನ. ಅಷ್ಟಕ್ಕೆ ಯಾರೂ ನಿನ್ನನ್ನು ದಂಡ ಕೇಳುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಾನು ಮೇಷ್ಟರಾಗಿದ್ದ ಕಾಲದಲ್ಲಿ ಒಂದು ಸಲ, ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪಿಗೆ ರೇಷ್ಮೆಯ ನೂರು ಮೊಟ್ಟೆ (ಒಂದು ಚಿಟ್ಟೆಯಿಟ್ಟ ಮೊಟ್ಟೆಗಳೆಲ್ಲ ಸೇರಿ ನಮ್ಮ ಲೆಕ್ಕದಲ್ಲಿ ಒಂದು) ಮಾತ್ರ ಹೊಂದುತ್ತದೆಂದು ಗೊತ್ತಿದ್ದರೂ, ಗೂಡಿನ ಧಾರಣೆ ಏರಿದೆಯೆಂಬ ಆಸೆಗೆ ಇನ್ನೂರು ತಂದು ಮೇಯಿಸಿದೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರವೆನ್ನುತ್ತೇವಲ್ಲ, ಮೂರನೆಯ ಜ್ವರದವರೆಗೆ ಏನೂ ತಿಳಿಯಲಿಲ್ಲ. ಮರಿಹುಳು ತಿನ್ನುವ ಸೊಪ್ಪು ಎಷ್ಟು ಮಹಾ! ಆದರೆ ರೇಷ್ಮೆಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಆಗ ರಾತ್ರಿ ಹುಳುಮನೆಯ ಬಾಗಿಲು ತೆಗೆದರೆ ಎಲೆಯ ಮೇಲೆ ಸಣ್ಣ ಮಳೆ ಹಿಡಿದಂಥ ಸದ್ದು. ನನ್ನ ತೋಟದಲ್ಲಿ ಬರೀ ಕಡ್ಡಿ ನಿಂತಿತ್ತು. ಕೇಳಿದ ಬೆಲೆಗೆ ಸೊಪ್ಪು ಕೊಂಡು ಎರಡು ದಿನ ನಡೆಸಿ, ಕೊನೆಗೆ ಅರ್ಧ ತಟ್ಟೆಗಳನ್ನು ತಿಪ್ಪೆಗೆ ಸುರಿದೆ. ಆ ದಿನ ನಿನ್ನ ದೊಡ್ಡಮ್ಮ ನನ್ನೊಡನೆ ಮಾತಾಡಲಿಲ್ಲ.

ಕಾದಂಬರಿಗೂ ಅಂಥದೇ ಕೊನೆಯ ಹಸಿವಿದೆ. ಮೊದಲ ಅಧ್ಯಾಯಗಳು ನೆನಪಿನಲ್ಲಿ, ಕೇಳಿದ ಮಾತಿನಲ್ಲಿ ನಡೆದುಹೋಗುತ್ತವೆ. ಮೂರರಲ್ಲಿ ಎರಡು ಭಾಗ ದಾಟಿದ ಮೇಲೆ ಪ್ರತಿಯೊಂದು ಪಾತ್ರವೂ ತಾನೇಕೆ ಹೀಗೆ ಮಾಡಿದೆನೆಂಬುದಕ್ಕೆ ಕಾರಣ ಕೇಳಲು ತೊಡಗುತ್ತದೆ. ನಿನ್ನ ಕಥೆಯಲ್ಲಿ ಕೆರೆಯ ನೀರು ಹಂಚುವ ನೀರುಗಂಟಿಯ ಮೊಮ್ಮಗ ಬೆಂಗಳೂರು ಬಿಟ್ಟು ಊರಿಗೆ ಏಕೆ ಮರಳುತ್ತಾನೆಂದು ಹುಡುಕಿದೆ, ನಿನ್ನ ಪತ್ರದಲ್ಲಿ ಉತ್ತರವಿಲ್ಲ. "ಬರೆಯುತ್ತಾ ಹೊಳೆಯುತ್ತದೆ" ಎಂದಿದ್ದೀಯೆ. ಹೊಳೆಯಬಹುದು. ಹೊಳೆಯದಿದ್ದರೆ ಮೂವತ್ತೈದನೇ ದಿನದಂದು ನಿನ್ನ ಕೈಯಲ್ಲಿ ಬರೀ ಕಡ್ಡಿ ಇರುತ್ತದೆ. ಅಧ್ಯಾಯಕ್ಕೆ ಅಧ್ಯಾಯ ಕಟ್ಟುನಿಟ್ಟಾದ ನಕ್ಷೆ ಬೇಕೆಂದು ನಾನು ಹೇಳುತ್ತಿಲ್ಲ. ಅಂಥ ನಕ್ಷೆಗೆ ಸಿಕ್ಕಿಕೊಂಡ ಬರವಣಿಗೆ ಪಂಚಾಯಿತಿಯ ನಡವಳಿ ಪುಸ್ತಕದಂತಾಗುತ್ತದೆ. ಕಥೆ ಎಲ್ಲಿ ನಿಲ್ಲುತ್ತದೆ, ಆ ಹುಡುಗ ಏಕೆ ಬಂದ, ಕೆರೆಗೆ ಕೊನೆಯಲ್ಲಿ ಏನಾಯಿತು, ಇಷ್ಟನ್ನು ಅಕ್ಟೋಬರಿನಲ್ಲೇ ಒಂದು ಪುಟದಲ್ಲಿ ಬರೆದಿಟ್ಟುಕೋ. ಬರೆಯುವಾಗ ಅದು ಬದಲಾದರೆ ಬದಲಾಗಲಿ.

ಅದರ ಜೊತೆಗೆ ಇಸವಿಗಳ ಹಾಳೆಯೊಂದನ್ನು ತಪ್ಪದೆ ಮಾಡು. ಎಡಗಡೆ ಇಸವಿ, ಅದರ ಮುಂದೆ ಪ್ರತಿಯೊಬ್ಬರ ವಯಸ್ಸು, ಕೊನೆಯಲ್ಲಿ ಆ ವರ್ಷ ಊರಿನಲ್ಲಿ ನಡೆದದ್ದು. ನಿನ್ನ ಕಥೆಯ ಅಜ್ಜಿ 1950ರಲ್ಲಿ ಹದಿನಾರರ ಹುಡುಗಿಯಾಗಿ ಮದುವೆಯಾಗುತ್ತಾಳೆ. ಎರಡನೇ ಅಧ್ಯಾಯದಲ್ಲಿ, 1985ರಲ್ಲಿ, "ಎಪ್ಪತ್ತರ ಮುದುಕಿ" ಆಗಿ ತೂಬಿನ ಬಳಿ ನಿಂತಿದ್ದಾಳೆ. ಅವಳಿಗೆ ಆಗ ಐವತ್ತೊಂದು, ತಾಯಿ. ಅದೇ ಅಧ್ಯಾಯದಲ್ಲಿ ಊರಿನವರು ಅರ್ಜಿ ಹಿಡಿದು ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಆ ಅರ್ಜಿ ಕೋಲಾರಕ್ಕೇ ಹೋಗಬೇಕಿತ್ತು. ನನ್ನ ವಯಸ್ಸಿನ ಓದುಗನಿಗೆ ಇಂಥ ಒಂದು ತಪ್ಪು ಕಂಡರೆ ಸಾಕು, ಆಮೇಲೆ ನೀನು ಹೇಳುವ ನಿಜವನ್ನೂ ಅವನು ಅನುಮಾನದಿಂದಲೇ ಓದುತ್ತಾನೆ.

ಈ ಪಾಠವನ್ನು ನಾನು ಕಲಿತದ್ದು ಒಂದು ಪೋಸ್ಟ್ ಕಾರ್ಡಿನಿಂದ. ನನ್ನದೂ ಒಂದು ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತೆಂದು ನಿನಗೆ ಗೊತ್ತು. ಅದನ್ನು ಬೇಸಿಗೆ ರಜೆಯ ನಲವತ್ತು ದಿನಗಳಲ್ಲಿ ಬರೆದು, ಒಮ್ಮೆಯೂ ತಿರುಗಿ ಓದದೆ ಟಪಾಲಿಗೆ ಹಾಕಿದ್ದೆನೆಂಬುದು ಗೊತ್ತಿರಲಿಕ್ಕಿಲ್ಲ. ಹದಿಮೂರನೇ ಕಂತು ಪ್ರಕಟವಾದ ವಾರ ಓದುಗರೊಬ್ಬರು ಬರೆದರು: "ಮಾನ್ಯರೇ, ಏಳನೇ ಕಂತಿನಲ್ಲಿ ತೀರಿಕೊಂಡ ನಾಯಕಿಯ ಅತ್ತೆಯವರು ಈ ವಾರ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಾರೆ. ಆರೋಗ್ಯ ಸುಧಾರಿಸಿತೆಂದು ಭಾವಿಸುತ್ತೇನೆ." ಆ ಕಾರ್ಡು ಈಗಲೂ ನನ್ನ ನಿಘಂಟಿನೊಳಗಿದೆ.

ಇನ್ನು ತಿದ್ದುವ ವಿಷಯ. ನಿನ್ನ ಮೊದಲ ಪುಟದ ಸೂರ್ಯೋದಯವನ್ನು ನಾಲ್ಕು ಸಲ ಹೊಡೆದು ಬರೆದಿದ್ದೀಯೆ. ಕರಡು ಮುಗಿಯುವವರೆಗೆ ಹಿಂದಕ್ಕೆ ಹೋಗಬೇಡ. ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕಿ ಮುಂದೆ ನಡೆ. ಡಿಸೆಂಬರ್ 20ರಿಂದ ಸಂಕ್ರಾಂತಿಯವರೆಗೆ ಕಟ್ಟನ್ನು ಮುಟ್ಟಲೇಬೇಡ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಆಮೇಲೆ ಪೆನ್ನು ಹಿಡಿಯದೆ ಒಂದೇ ಓದು. ಯಾವ ಅಧ್ಯಾಯ ಇರಬೇಕು, ಯಾವುದು ಹೋಗಬೇಕು, ಯಾವುದು ಹಿಂದುಮುಂದಾಗಬೇಕು ಎಂಬುದು ಇತ್ಯರ್ಥವಾಗುವವರೆಗೆ ವಾಕ್ಯದ ಅಂದಚೆಂದಕ್ಕೆ ಕೈ ಹಾಕಬಾರದು. ನಾಳೆ ಕೆಡವುವ ಗೋಡೆಗೆ ಇಂದು ಸುಣ್ಣ ಬಳಿದಂತಾಗುತ್ತದೆ. ಕಡೆಯ ಸುತ್ತಿನಲ್ಲಿ ಗಟ್ಟಿಯಾಗಿ ಓದು. ನಮ್ಮ ಕಡೆಯವರು ಆಡದ ಮಾತು ಬಾಯಿಗೆ ಬಂದ ಕೂಡಲೇ ತೊಡರುತ್ತದೆ.

ಈ ಊರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವವರನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಮೇಲಿನ ಸಿಕ್ಕುಗಟ್ಟಿದ ಎಳೆಯನ್ನು ಎಳೆದು ಬಿಸಾಡಿದ ಮೇಲಲ್ಲವೇ ಅವರಿಗೆ ಒಳಗಿನ ತುದಿ ಸಿಗುವುದು? ನಿನ್ನ ಮೊದಲ ಅಧ್ಯಾಯ ನನಗೆ ಆ ಮೇಲಿನ ಎಳೆಯಂತೆ ಕಂಡಿತು, ಬೇಸರಪಡಬೇಡ. ಅಜ್ಜಿ ನಡುರಾತ್ರಿ ಯಾರಿಗೂ ಹೇಳದೆ ತೂಬು ಎತ್ತುವ ಜಾಗದಲ್ಲಿ ಕಾದಂಬರಿ ಶುರುವಾಗುತ್ತದೆ. ಸೂರ್ಯೋದಯ ಅಲ್ಲಿಗೆ ಬೇಕಾಗಿಲ್ಲ.

ಮೂವತ್ತು ತುಂಬುವುದರೊಳಗೆ ಪುಸ್ತಕ ಬರಬೇಕೆಂದಿದ್ದೀಯಲ್ಲ, ಆ ಆತುರ ಮಾತ್ರ ನನಗೆ ಅರ್ಥವಾಗಲಿಲ್ಲ. ನಮ್ಮ ಮಾಲೂರು ಸೀಮೆಯ ಮಾಸ್ತಿಯವರು ಹುಟ್ಟಿದ್ದು 1891ರಲ್ಲಿ. ಅವರಿಗೆ 1983ರ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಪ್ರಕಟವಾದದ್ದು 1956ರಲ್ಲಿ. ಪ್ರಕಾಶಕರಿಗೆ ಡಿಸೆಂಬರಿನಲ್ಲಿ ಕೊಡುತ್ತೇನೆಂದು ಇನ್ನೂ ಮಾತು ಕೊಟ್ಟಿಲ್ಲವಾದರೆ ಕೊಡಬೇಡ. ಎರಡನೇ ಸಂಪುಟದ ತಾರೀಖನ್ನು ಮೊದಲನೆಯದರ ತಿದ್ದುಪಡಿ ಮುಗಿದ ದಿನ ಗೊತ್ತುಮಾಡೋಣ.

ದಸರಾ ರಜೆಯಲ್ಲಿ ಎರಡು ದಿನ ಬಾ. ಇಸವಿಗಳ ಹಾಳೆಯನ್ನು ಮರೆಯದೆ ತಾ. ನಮ್ಮ ಊರ ಕೆರೆ ಕೋಡಿ ಬಿದ್ದ ವರ್ಷಗಳನ್ನು ನಿನ್ನ ದೊಡ್ಡಮ್ಮ ಯಾರ ಯಾರ ಬಾಣಂತನದ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಾಳೆ, ಅವಳ ಪಕ್ಕದಲ್ಲಿ ಕುಳಿತೇ ತುಂಬಿಸಬೇಕು. ನಿಮ್ಮಪ್ಪನಿಗೆ ಬುದ್ಧಿ ಹೇಳಿದ್ದಾಯಿತೆಂದು ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ