ಉಣ್ಣೆ ಟೋಪಿಯ ಅಜ್ಜಿಗೆ

2025ರ ಮಾರ್ಚ್ 30, ಬಾಸ್ಟನ್‌ನ ಟಿಡಿ ಗಾರ್ಡನ್ ಒಳಾಂಗಣ ಕ್ರೀಡಾಂಗಣ. ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್‌ನ ಕೊನೆಯ ದಿನದ ಗಾಲಾ, ಅಂದರೆ ಸ್ಪರ್ಧೆ ಮುಗಿದ ಮೇಲಿನ ಪ್ರದರ್ಶನ, ನೋಡಲು ಗೆಳತಿಯ ಜೊತೆ ಬಂದಿದ್ದೆ. ನಮ್ಮ ಸೀಟು ತೀರಾ ಮೇಲೆ, ಅವಳಿಗೋ ಮಂಡಿನೋವು. ಅರ್ಧ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತೇಬಿಟ್ಟಳು. ಆಗ ಬೂದುಬಣ್ಣದ ಉಣ್ಣೆ ಟೋಪಿ ಹಾಕಿದ್ದ ನೀವು ಎದ್ದು, ನಿಮ್ಮೆರಡು ಸೀಟು ನಮಗೆ ಬಿಟ್ಟು, ಮೊಮ್ಮಗಳ ಕೈಹಿಡಿದು ನಮ್ಮ ಸಾಲಿಗೆ ಹತ್ತಿ ಹೋದಿರಿ. ಹೋಗುವ ಮುಂಚೆ ದುರ್ಬೀನು ನನ್ನ ಕೈಗಿಟ್ಟು, "ಪಾದ ನೋಡಿ, ಮುಂದಕ್ಕೆ ಮುಖಮಾಡಿ ಹಾರಿದರೆ ಅದು ಆಕ್ಸೆಲ್" ಅಂದಿರಿ. ಉಳಿದ ಜಿಗಿತಗಳೆಲ್ಲ ಹಿಮ್ಮುಖವಾಗಿ ಜಾರುತ್ತಲೇ ಶುರುವಾಗುತ್ತವೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಗಾಲಾದಲ್ಲಿ ಅಂಕಗಳ ಆತಂಕವಿಲ್ಲ. ಕತ್ತಲಲ್ಲಿ ಒಂದು ಬೆಳಕಿನ ವೃತ್ತ, ಅದರೊಳಗೊಬ್ಬರು. 16ನೇ ವಯಸ್ಸಿಗೇ ನಿವೃತ್ತಿ ಹೇಳಿ, ಮರಳಿ ಬಂದು ಎರಡು ದಿನದ ಹಿಂದಷ್ಟೇ ಮಹಿಳೆಯರ ಚಿನ್ನ ಗೆದ್ದಿದ್ದ ಅಮೆರಿಕದ ಸ್ಕೇಟರ್ ಅಲಿಸಾ ಲಿಯು ಮಂಜುಗಡ್ಡೆಯ ಅಂಗಳಕ್ಕಿಳಿದಾಗ ಗೆಳತಿ ದುರ್ಬೀನು ಕಸಿದುಕೊಂಡಳು, ನನಗೆ ಮತ್ತೆ ಕೊಡಲೇ ಇಲ್ಲ. ಗೆಳತಿಯನ್ನು ಅಷ್ಟು ಖುಷಿಯಾಗಿ ನೋಡಿ ಬಹಳ ದಿನವಾಗಿತ್ತು.

ದುರ್ಬೀನು ಹಿಂದಿರುಗಿಸುವಾಗ ಚಪ್ಪಾಳೆಯ ಗದ್ದಲ, ಹೆಸರೂ ಕೇಳಲಾಗಲಿಲ್ಲ. ನಿಮಗೆ ಕನ್ನಡ ಬಾರದು, ಗೊತ್ತು ಅಜ್ಜಿ. ಆದರೆ ನನಗೆ ಮನಸಾರೆ ಬರುವುದು ಈ ಭಾಷೆಯೇ. ನಿಮಗೆ ನಮ್ಮಿಬ್ಬರ ನಮಸ್ಕಾರ.